ವಾಸಿಯಾದವರ ಎಣ್ಣೆ

"ಇಪ್ಪತ್ತಮೂರು ಜನವಾ, ಇಪ್ಪತ್ತನಾಲ್ಕಾ? ಸರಿ ನೆನಪು ಮಾಡಿ ಹೇಳಿ ಉಮ್ಮ. ಇದು ಕಾಲೇಜಿಗೆ ಕೊಡ್ಲಿಕ್ಕಿರುವುದು. ಅಂದಾಜಿಗೆ ಬರೆದ್ರೆ ಮೇಡಂ ಹರಿದು ಬಿಸಾಡ್ತಾರೆ."

ಸಂಚಿತಾ ಪೆನ್ನಿನ ಮೊನೆಯನ್ನು ಹಾಳೆಯ ಮೇಲಿಟ್ಟುಕೊಂಡು ಕಾದಳು. ಬೀಫಾತಿಮ್ಮ ಜಗಲಿಯ ಕಂಬಕ್ಕೆ ಒರಗಿ ಒಂದೊಂದೇ ಬೆರಳು ಮಡಚುತ್ತ, ಅರ್ಧಕ್ಕೆ ಬಂದಾಗ ಲೆಕ್ಕ ತಪ್ಪಿ, ಮತ್ತೆ ಹೆಬ್ಬೆರಳಿನಿಂದ ಶುರುಮಾಡುತ್ತಿದ್ದಳು. ಜೆಪ್ಪುವಿನ ಆ ಓಣಿಯಲ್ಲಿ ಯಾರ ಕಾಲು ಯಾವ ವರ್ಷ ಉಳುಕಿತ್ತು ಎಂಬುದು ಅವಳಿಗೆ ಬಾಯಿಪಾಠ. ಆದರೆ ಅದನ್ನು ಹಾಳೆಯ ಮೇಲಿನ ಚೌಕದೊಳಗೆ ಕೂರಿಸಬೇಕೆಂದರೆ ನೆನಪಿಗೂ ನಾಚಿಕೆಯಾಗುತ್ತದೆ.

"ಎಂತಕ್ಕೆ ಮಗಾ ಈ ಲೆಕ್ಕ? ಆ ಕೊರೊನಾ ಹೋಗಿ ಎಷ್ಟು ವರ್ಷ ಆಯ್ತು! ಸತ್ತವರನ್ನು ಲೆಕ್ಕ ಮಾಡಿ ಆಯ್ತು, ಈಗ ಉಳುಕಿದವರದ್ದಾ?"

ಸಂಚಿತಾ ನಕ್ಕಳು. ಅವಳು ಪಕ್ಕದ ಮನೆಯ ಮೋಹನದಾಸರ ಮಗಳು. ಫಿಸಿಯೋಥೆರಪಿಯ ಕೊನೆಯ ವರ್ಷ. ಲಾಕ್‌ಡೌನಿನಲ್ಲಿ ಜನರ ಕೈಕಾಲಿನ ಉಳುಕು, ಸ್ನಾಯು ಹರಿದದ್ದು, ನರ ಕಡಿದದ್ದು ಇವೆಲ್ಲ ಎಷ್ಟು ಕಡಿಮೆಯಾದವು, ಆಪರೇಶನ್‌ಗಳು ಎಷ್ಟು ಮುಂದೆ ಹೋದವು ಎಂಬುದು ಅವಳ ಪ್ರಾಜೆಕ್ಟು. ಕಾಲೇಜಿನ ಆಸ್ಪತ್ರೆಯ ಹಳೆಯ ರಿಜಿಸ್ಟರುಗಳನ್ನು ಧೂಳು ಕೊಡವಿ ಎರಡು ತಿಂಗಳು ಓದಿದ್ದಳು. ಎಲ್ಲ ಅರ್ಧಕ್ಕಿಂತ ಕೆಳಗೆ ಇಳಿದಿದ್ದವು. ಇಷ್ಟನ್ನು ಬರೆದುಕೊಂಡು ಹೋದರೆ ಗೈಡ್ ಆಂಡ್ರಿಯಾ ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ಕಡಿಮೆ ಆದದ್ದು ಪೆಟ್ಟಾ, ಪೆಟ್ಟು ತೋರಿಸ್ಲಿಕ್ಕೆ ಬಂದವರಾ?" ಎಂದು ಕೇಳಿದ್ದರು.

"ಅದಕ್ಕೆ ನಿಮ್ಮ ಹತ್ರ ಬಂದದ್ದು," ಎಂದಳು ಸಂಚಿತಾ. "ಆಸ್ಪತ್ರೆಗೆ ಬರದವರೆಲ್ಲ ಎಲ್ಲಿಗೆ ಹೋದ್ರು ಅಂತ ಯಾರಿಗೂ ಗೊತ್ತಿಲ್ಲ. ನಂಗೆ ಗೊತ್ತುಂಟಲ್ಲ."

ಗೊತ್ತಿರದೆ ಏನು. ಬೀಫಾತಿಮ್ಮ ಉಳುಕು ತಿಕ್ಕುವವಳು. ಅವಳ ತಾಯಿಯೂ ತಿಕ್ಕುತ್ತಿದ್ದಳು. ನೆಕ್ಕಿ ಸೊಪ್ಪು, ಬೆಳ್ಳುಳ್ಳಿ, ಓಮ ಹಾಕಿ ಕಾಯಿಸಿದ ತೆಂಗಿನೆಣ್ಣೆ ಮತ್ತು ಒಂದು ಜೊತೆ ಹೆಬ್ಬೆರಳು, ಇಷ್ಟೇ ಅವಳ ಆಸ್ಪತ್ರೆ. ದುಡ್ಡು ಮುಟ್ಟುವುದಿಲ್ಲ. ಮುಟ್ಟಿದರೆ ಕೈ ಒಣಗುತ್ತದೆ ಎಂದು ತಾಯಿ ಹೇಳಿ ಸತ್ತಿದ್ದಳು. ಆದರೆ ಒಂದು ಕ್ರಮವಿತ್ತು. ಕಾಲು ಸರಿಯಾಗಿ, ನೋವೆಲ್ಲ ಹೋಗಿ, ಮೊದಲಿನ ಹಾಗೆ ನಡೆಯುವಂತಾದ ಮೇಲೆ ಒಂದು ಬಾಟಲಿ ತೆಂಗಿನೆಣ್ಣೆ ತಂದುಕೊಡಬೇಕು. ಅದು ಮುಂದೆ ಬರುವವರ ಕಾಲಿಗೆ. ವಾಸಿಯಾದವರ ಎಣ್ಣೆ ವಾಸಿಯಾಗಬೇಕಾದವರಿಗೆ ಹಚ್ಚಿದರೇ ಗುಣ. ನೋವು ಇಟ್ಟುಕೊಂಡು ಮುಲಾಜಿಗೆ ತಂದುಕೊಟ್ಟರೆ ಬೀಫಾತಿಮ್ಮ ಬಾಟಲಿಯನ್ನು ಅವರ ಕೈಗೇ ವಾಪಸು ಕೊಟ್ಟು, "ಇದನ್ನು ತಲೆಗೆ ಹಚ್ಚಿಕೊಳ್ಳಿ, ತಂಪಾಗ್ತದೆ," ಎಂದು ಕಳಿಸುತ್ತಿದ್ದಳು.

"ಬರ್ಕೋ. ಮೊದಲು ರಾಯ್‌ಸ್ಟನ್. ಹಲಸಿನಕಾಯಿ ಕಡಿಲಿಕ್ಕೆ ಹೋಗಿ ಮಣಿಗಂಟು ತಿರುಗಿಸಿಕೊಂಡು ಬಂದದ್ದು. ವಾಸಿಯಾದ ಮೇಲೆ ವಿಸ್ಕಿ ಬಾಟ್ಲಿಯಲ್ಲಿ ಎಣ್ಣೆ ತಂದಿದ್ದಾನೆ ಆ ಪೊಕ್ರಿ! ರಮ್ಲಾನ ಹತ್ರ ಏಳು ಸಲ ತೊಳೆಸಿದ್ದೇನೆ."

"ತೊಳೆದದ್ದು ಬಾಟ್ಲಿಯನ್ನಾ ಎಣ್ಣೆಯನ್ನಾ?"

"ಎಣ್ಣೆ ಬೇರೆ ಪಾತ್ರೆಗೆ ಹೊಯ್ದು ಬಾಟ್ಲಿ ತೊಳೆದದ್ದು ಮಾರಾಯ್ತಿ. ಎಣ್ಣೆ ಬಿಸಾಡ್ಲಿಕ್ಕೆ ಆಗ್ತಿತ್ತಾ? ಆ ಎಪ್ರಿಲಿನಲ್ಲಿ ಎಣ್ಣೆಯೇ ಇರ್ಲಿಲ್ಲ. ಅಂಗಡಿ ಬಂದ್, ಜನ ಮಾತ್ರ ಬರ್ತಾನೇ ಇದ್ರು. ಕೊನೆಗೆ ರಮ್ಲಾ ಒಗ್ಗರಣೆಗೆ ಇಟ್ಟುಕೊಂಡ ಸನ್‌ಫ್ಲವರ್ ಎಣ್ಣೆ ಕಾಯಿಸಿ ತಿಕ್ಕಿದ್ದೇನೆ. ಬಂದವರೆಲ್ಲ ಹಪ್ಪಳದ ವಾಸನೆ ಹೊತ್ತುಕೊಂಡು ಹೋಗಿದ್ದಾರೆ."

ಸಂಚಿತಾ ನಗುತ್ತಲೇ ಬರೆದುಕೊಂಡಳು. ಮನೆಯೊಳಗೆ ಕೂತವರಿಗೂ ಇಷ್ಟೆಲ್ಲ ಏಟು ಬಿದ್ದಿತ್ತೇ ಎಂದು ಅವಳಿಗೇ ಸೋಜಿಗ. ಅಟ್ಟ ಗುಡಿಸಲು ಹೋಗಿ ಏಣಿಯಿಂದ ಜಾರಿದವರು, ಮೊಬೈಲು ನೋಡಿ ಯೋಗ ಮಾಡಿ ಸೊಂಟ ಹಿಡಿದುಕೊಂಡವರು, ಅಂಗಳದಲ್ಲಿ ಮಕ್ಕಳೊಂದಿಗೆ ಶಟಲ್ ಆಡಿದ ನಲವತ್ತೈದರ ಅಪ್ಪಂದಿರು. ಬೀಫಾತಿಮ್ಮ ಹೇಳುತ್ತಾ ಹೋದಂತೆ ಅವಳ ಮುಖಕ್ಕೆ ಹಳೆಯ ಗೆಲುವು ಬಂತು. ಹಾಗೆ ನೋಡಿದರೆ ಈ ಹುಡುಗಿಯ ಎದುರು ಅವಳು ಹೀಗೆ ಕೂತು ಮಾತಾಡದೆ ಬಹಳ ಕಾಲವಾಗಿತ್ತು. ಕಾಲಿನ ಆಪರೇಶನ್ ಆದಂದಿನಿಂದ ಸಂಚಿತಾಳ ಹೆಜ್ಜೆ ಒಂದು ಗಟ್ಟಿ, ಒಂದು ಮೆತ್ತಗೆ. ಎರಡು ಮನೆಗಳ ನಡುವಿನ ಕಂಪೌಂಡ್ ಗೋಡೆಯಲ್ಲಿ ಒಂದು ಸಣ್ಣ ಗೇಟು ಇದೆ. ಆ ಕಡೆಯಿಂದ ಆ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಬೀಫಾತಿಮ್ಮ ಎದ್ದು ಒಳಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯಲು ಶುರುಮಾಡುತ್ತಿದ್ದಳು. ಇವತ್ತು ಹುಡುಗಿ ಹೇಳದೆ ಕೇಳದೆ ಎದುರಿನ ಗೇಟಿನಿಂದಲೇ ಬಂದು ಜಗಲಿಯಲ್ಲಿ ಕೂತಿದ್ದರಿಂದ ತಪ್ಪಿಸಿಕೊಳ್ಳಲು ಆಗಿರಲಿಲ್ಲ.

ಸಂಚಿತಾಳ ಬಾಲ್ಯದ ಅರ್ಧ ಈ ಜಗಲಿಯಲ್ಲೇ ಕಳೆದಿತ್ತು. ಬೀಫಾತಿಮ್ಮನ ಮಗ ಸಮದ್ ತಾಯಿಯನ್ನು ಕರೆಯುವುದನ್ನು ಕೇಳಿ ಅವಳೂ ಉಮ್ಮ ಎನ್ನಲು ಕಲಿತಳು. ನಾಲ್ಕು ವರ್ಷದವಳಿದ್ದಾಗ ಒಮ್ಮೆ ಹೊರಡುವಾಗ ತುಳುವಿನಲ್ಲಿ "ಪೋಪೆ" ಎಂದಿದ್ದಕ್ಕೆ ಬೀಫಾತಿಮ್ಮ ಅವಳನ್ನು ಕೈಹಿಡಿದು ವಾಪಸು ಕೂರಿಸಿ, "ಹೋಗ್ತೇನೆ ಅಂತ ಹೇಳಬಾರದು ಮಗಾ, ಹೋಗಿ ಬರ್ತೇನೆ ಅನ್ನಬೇಕು. ಹೇಳು, ಪೋದು ಬರ್ಪೆ," ಎಂದು ಮೂರು ಸಲ ಹೇಳಿಸಿ ಬಿಟ್ಟಿದ್ದಳು. ಆಮೇಲೆ ಹುಡುಗಿ ಹಾರಲು ಶುರುಮಾಡಿದಳು. ಲಾಂಗ್ ಜಂಪ್. ಮಂಗಳಾ ಸ್ಟೇಡಿಯಂನಲ್ಲಿ ಜಿಲ್ಲಾ ಕೂಟ ಇದ್ದಾಗ ಅವಳ ತಾಯಿ ಶಶಿಪ್ರಭಾ ಬೀಫಾತಿಮ್ಮನನ್ನೂ ಕರೆದುಕೊಂಡು ಹೋಗಿದ್ದಳು. ಮರಳಿನ ಮೇಲೆ ಟೇಪು ಎಳೆದು ಯಾರೋ "ಐದು ಅರವತ್ತೆರಡು!" ಎಂದು ಕೂಗಿದಾಗ, ಅದು ಹೆಚ್ಚೋ ಕಡಿಮೆಯೋ ಗೊತ್ತಾಗದೆ ಬೀಫಾತಿಮ್ಮ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದಿದ್ದಳು.

"ಇವರಲ್ಲಿ ನೀವು ತಿಕ್ಕದೆ ಆಸ್ಪತ್ರೆಗೆ ಕಳಿಸಿದವರು ಯಾರಾದ್ರೂ ಇದ್ದಾರಾ?" ಸಂಚಿತಾ ಮುಂದಿನ ಕಾಲಮ್ಮಿಗೆ ಬಂದಳು.

"ಒಬ್ಬ ಡೆರಿಲ್. ಚರ್ಚಿನ ಆಚೆ ಮನೆಯವ. ಮೀನು ತರ್ಲಿಕ್ಕೆ ಅಂತ ಹೋದವ ಪೊಲೀಸರನ್ನು ನೋಡಿ ಕಾಂಪೌಂಡ್ ಹಾರಿದ್ದಾನೆ. ಎಪ್ರಿಲ್ ಕೊನೆಗೆ. ಉಳುಕಿದೆ ಅಂತ ಕುಂಟುತ್ತಾ ಬಂದ. ನಾನು ಮುಟ್ಟಿದ್ದೇ ಹೇಳಿದೆ, ಇದು ಉಳುಕಲ್ಲ ಮಾರಾಯ, ಹಿಮ್ಮಡಿ ನರ ತುಂಡಾಗಿದೆ, ಈಗಲೇ ಆಸ್ಪತ್ರೆಗೆ ಹೋಗು ಅಂತ. ಅಲ್ಲಿ ಕೊರೊನಾ ಉಂಟು ಅಂತ ಹೆದರಿದ. ಬೈದು ಕಳಿಸಿದೆ. ಎರಡು ದಿನದಲ್ಲಿ ಆಪರೇಶನ್ ಆಯ್ತು. ಮೊನ್ನೆ ನೋಡ್ತೇನೆ, ಗ್ರೌಂಡಿನಲ್ಲಿ ಫುಟ್‌ಬಾಲ್ ಆಡ್ತಾ ಇದ್ದಾನೆ, ಕತ್ತೆ ಪ್ರಾಯದವ!"

"ಓ, ಅದು ಡೆರಿಲ್ಲಾ!" ಸಂಚಿತಾ ತಲೆಯೆತ್ತಿದಳು. "ನಮ್ಮ ರಿಜಿಸ್ಟರಿನಲ್ಲಿ ಆ ಮೂರು ತಿಂಗಳಿಗೆ ಒಂದೇ ಒಂದು ಹಿಮ್ಮಡಿ ಆಪರೇಶನ್ ಉಂಟು ಉಮ್ಮ. ಬೇರೆ ವರ್ಷ ಆದ್ರೆ ಎಂಟೊಂಬತ್ತು ಇರ್ತದೆ. ಆ ಒಬ್ಬ ಯಾರು ಅಂತ ನಾನು ಆಲೋಚನೆ ಮಾಡ್ತಾ ಇದ್ದೆ." ಬರೆದುಕೊಳ್ಳುತ್ತಾ ಕೇಳಿದಳು. "ಅವನದ್ದು ಉಳುಕಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಬೆರಳಿಗೆ ಗೊತ್ತಾಗ್ತದೆ. ಮೀನಖಂಡದಿಂದ ಕೆಳಗೆ ಹೆಬ್ಬೆರಳು ಜಾರಿಸಿಕೊಂಡು ಬಂದ್ರೆ ನರ ಹಗ್ಗದ ಹಾಗೆ ಸಿಗ್ಬೇಕು. ಕಡಿದಲ್ಲಿ ಹೊಂಡ ಉಂಟು. ಬೆರಳು ಒಳಗೆ ಹೋಗ್ತದೆ. ಅದು ತಪ್ಪುವ ಚಾನ್ಸೇ ಇಲ್ಲ, ಕಣ್ಣು ಕಟ್ಟಿದ್ರೂ ಹೇಳ್ತೇನೆ."

ಮಾತು ಆಡಿದರೆ ಹೋಯಿತು. ಹೇಳಿ ಮುಗಿದ ಮೇಲೆ ಬೀಫಾತಿಮ್ಮನಿಗೆ ತಾನು ಏನು ಹೇಳಿದೆ ಎಂಬುದು ಕೇಳಿಸಿತು. ಸಂಚಿತಾಳ ಪೆನ್ನು 'ತಪ್ಪುವ' ಎಂಬಲ್ಲಿ ನಿಂತಿತ್ತು. ಪೆನ್ನು ಮತ್ತೆ ಓಡಿತು.

"ಇನ್ನು ವಾಸಿಯಾದವರು ಎಷ್ಟು ಅಂತ ಬೇಕು," ಎಂದಳು, ಸ್ವಲ್ಪ ಸಣ್ಣ ದನಿಯಲ್ಲಿ. "ಬಾಟ್ಲಿಗಳು ಉಂಟಾ?"

"ಎಲ್ಲ ಉಂಟು," ಎಂದು ಒಳಗಿನಿಂದಲೇ ಉತ್ತರ ಬಂತು. ಸೊಸೆ ರಮ್ಲಾ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆ ವರ್ಷದ ಖಾಲಿ ಬಾಟಲಿಗಳನ್ನು ಅತ್ತೆ ಬೇರೆಯೇ ತೆಗೆದಿಟ್ಟಿದ್ದಾರೆ, ಗುಜರಿಯವನಿಗೆ ಕೊಡಲು ಬಿಡುವುದಿಲ್ಲ ಎಂಬ ದೂರು ಅವಳದ್ದು. ಅದನ್ನು ಯಾರ ಮುಂದಾದರೂ ಇಡಲು ಒಳ್ಳೆಯ ಸಮಯ ಸಿಕ್ಕಿತು.

"ಅದೆಲ್ಲ ಬೇಡ ರಮ್ಲಾ, ನಾನೇ ಬಾಯಲ್ಲಿ ಹೇಳ್ತೇನೆ," ಎಂದಳು ಬೀಫಾತಿಮ್ಮ.

"ಕೂತುಕೊಳ್ಳಿ ಮಾಮಿ, ಎರಡು ನಿಮಿಷ."

ಪ್ಲಾಸ್ಟಿಕ್ ಟಬ್ಬಿನಲ್ಲಿ ಬಾಟಲಿಗಳು ಬಂದವು. ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿ ಭರಣಿ, ರಾಯ್‌ಸ್ಟನ್‌ನ ವಿಸ್ಕಿ ಬಾಟಲಿ, ಗಲ್ಫಿನ ಜ್ಯೂಸಿನದ್ದು. ಸಂಚಿತಾ ಒಂದೊಂದನ್ನೇ ತೆಗೆದು ಜಗಲಿಯ ಅಂಚಿನಲ್ಲಿ ಸಾಲಾಗಿ ಇಡುತ್ತಾ ಎಣಿಸಿದಳು. ಹತ್ತೊಂಬತ್ತು. ಅಷ್ಟರಲ್ಲಿ ರಮ್ಲಾ ಮತ್ತೆ ಒಳಗೆ ಹೋದವಳು ಕೈಯಲ್ಲಿ ಇನ್ನೊಂದನ್ನು ಹಿಡಿದುಕೊಂಡು ಬಂದಳು.

"ಮಾಮಿ, ಇದು ನಿಮ್ಮ ಕಪಾಟಿನ ಹಿಂದೆ ಇತ್ತು. ತುಂಬಿಯೇ ಉಂಟಲ್ಲ, ಯಾರದ್ದು?"

ನೀಲಿ ಮುಚ್ಚಳದ ಬೋರ್ನ್‌ವಿಟಾ ಬಾಟಲಿ. ಜನವರಿಯ ಬೆಳಗಿನ ಚಳಿಗೆ ಎಣ್ಣೆ ಅರ್ಧ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಮುಚ್ಚಳದ ಸುತ್ತ ಅಂಟಂಟು ಕಂದು ಜಿಡ್ಡು, ಕಮಟು ವಾಸನೆ. ಹೊಟ್ಟೆಯ ಮೇಲೆ ಪುಸ್ತಕಕ್ಕೆ ಅಂಟಿಸುವ ಲೇಬಲ್ಲು. ಅದರ ಮೇಲೆ ನೀಲಿ ಶಾಯಿಯಲ್ಲಿ, ದುಂಡಗೆ, 'ಸಂಚಿತಾ ಎಂ., ಪ್ರಥಮ ಪಿಯುಸಿ'.

ಸಂಚಿತಾ ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ಅದನ್ನು ಸಾಲಿನಲ್ಲಿ ಇಡಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತೆಂದು ರಮ್ಲಾ ಓಡಿದಳು.

"ಇದು ಅಮ್ಮ ಕೊಟ್ಟದ್ದಲ್ವಾ ಉಮ್ಮ?"

"ಹ್ಞೂಂ."

"ಯಾಕೆ ಖಾಲಿ ಮಾಡ್ಲಿಲ್ಲ?"

"ಮರೆತೇ ಹೋಯ್ತು ಮಗಾ. ಕಪಾಟಿನ ಹಿಂದೆ ಬಿದ್ದಿತ್ತಲ್ಲ."

ಸಂಚಿತಾ ತನ್ನ ಹಾಳೆಯನ್ನು ನೋಡಿದಳು. ಎರಡನೆಯ ಪುಟದಲ್ಲಿ ಅವಳೇ ಬರೆದುಕೊಂಡಿದ್ದಳು: ಏಪ್ರಿಲ್‌ನಲ್ಲಿ ತೆಂಗಿನೆಣ್ಣೆ ಮುಗಿದು ಸೂರ್ಯಕಾಂತಿ ಎಣ್ಣೆ ಬಳಕೆ.

"ಎಣ್ಣೆ ಇಲ್ಲದೆ ಒಗ್ಗರಣೆ ಎಣ್ಣೆ ತಿಕ್ಕಿದ್ದೇನೆ ಅಂದ್ರಿ. ಆಗ ಇದು ತುಂಬಿದ ಬಾಟ್ಲಿ ಮನೆಯಲ್ಲೇ ಇತ್ತು."

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡು ಇದು, ಒಂದನ್ನು ಕಟ್ಟಿದರೆ ಇನ್ನೊಂದು ಬಿಚ್ಚಿಹೋಗುತ್ತದೆ. ಬೀಫಾತಿಮ್ಮ ಜೀವಮಾನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ. ಅದೂ ಒಂದೇ ಶಬ್ದದ್ದು.

ಆ ವರ್ಷ ಮಾರ್ಚ್ ಇಪ್ಪತ್ತಕ್ಕೆ ಸಮದ್ ಗಲ್ಫಿನಿಂದ ಬಂದು ಬಜಪೆ ಏರ್‌ಪೋರ್ಟಿನಲ್ಲಿ ಇಳಿದಿದ್ದ. ಅವನ ಹಿಂದೆ ವಿಮಾನಗಳೇ ನಿಂತವು. ಮುಂಗೈಗೆ ಮುದ್ರೆ ಒತ್ತಿ, ಗೇಟಿಗೆ ಚೀಟಿ ಅಂಟಿಸಿ, ಹದಿನಾಲ್ಕು ದಿನ ಈ ಮನೆಯವರು ಯಾರೂ ಹೊರಗೆ ಕಾಲಿಡಬಾರದು ಎಂದು ಹೇಳಿ ಹೋಗಿದ್ದರು. ಅವನು ಮಾಳಿಗೆಯ ಕೋಣೆಯಲ್ಲಿ, ಊಟ ಬಾಗಿಲ ಹೊರಗೆ. ಟಿವಿಯಲ್ಲಿ ದಿನವೂ ನಂಬರುಗಳು. ಹೆಸರಿಲ್ಲದ ರೋಗಿಯ ನಂಬರು ಬಂದ ಅರ್ಧ ಗಂಟೆಯಲ್ಲಿ ವಾಟ್ಸಾಪಿನಲ್ಲಿ ಹೆಸರು, ಮನೆ, ಜಾತಿ ಎಲ್ಲ ಬರುತ್ತಿತ್ತು. ಇಪ್ಪತ್ತು ವರ್ಷ ಈ ಮನೆಗೆ ಹಾಲು ಹಾಕಿದವನೂ ಪ್ಯಾಕೆಟ್ಟನ್ನು ಗೇಟಿನಾಚೆಯಿಂದ ಎಸೆದು ಹೋಗತೊಡಗಿದ್ದ. ಹೆದರಿಕೆ ಎಂದರೆ ಏನು ಎಂಬುದು ಬೀಫಾತಿಮ್ಮನಿಗೆ ಅರುವತ್ತೈದು ದಾಟಿದ ಮೇಲೆ ಗೊತ್ತಾಯಿತು.

ಒಂಬತ್ತನೆಯ ದಿನ, ದಿನಸಿ ಅಂಗಡಿಯೂ ಮುಚ್ಚಿದ್ದ ಒಂದು ಬೆಳಿಗ್ಗೆ, ಶಶಿಪ್ರಭಾ ಹಿಂದಿನ ಗೋಡೆಯಾಚೆಯಿಂದ ಪಿಸುದನಿಯಲ್ಲಿ ಕರೆದಳು. "ಬೀಫಾತಿಮ್ಮ, ಒಂದು ನಿಮಿಷ ಬನ್ನಿ. ಸಂಚಿತಾನ ಕಾಲು ಉಳುಕಿದೆ. ಇವರು ಮಲಗಿದ್ದಾರೆ, ಗೊತ್ತಾಗೋದು ಬೇಡ."

ಇಬ್ಬರೂ ಸೇರಿ ಸಣ್ಣ ಗೇಟಿಗೆ ಕಟ್ಟಿದ್ದ ಸರಿಗೆ ಬಿಚ್ಚಿದರು. ಹುಡುಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಸ್ಟೇಡಿಯಂ ಬೀಗ ಹಾಕಿದ್ದರಿಂದ ತಾರಸಿಯ ಸಿಮೆಂಟಿನ ಮೇಲೆ ದಿನಾ ಹಗ್ಗ ಹಾರುತ್ತಿದ್ದಳಂತೆ. "ಹಿಂದಿನಿಂದ ಯಾರೋ ಒದ್ದ ಹಾಗೆ ಆಯ್ತು ಉಮ್ಮ. ತಿರುಗಿ ನೋಡಿದ್ರೆ ಯಾರೂ ಇಲ್ಲ." ಬೀಫಾತಿಮ್ಮ ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಮೀನಖಂಡದಿಂದ ಕೆಳಗೆ ಜಾರಿಸಿಕೊಂಡು ಬಂದಳು. ಹಿಮ್ಮಡಿಗೆ ಮೂರು ಬೆರಳು ಮೇಲೆ ಬೆರಳು ಒಳಗೆ ಹೋಯಿತು.

"ಎಂತ ಬೀಫಾತಿಮ್ಮ? ಉಳುಕಲ್ವಾ?" ಎಂದು ಕೇಳಿದ್ದಳು ಶಶಿಪ್ರಭಾ.

ಈಗ ಜಗಲಿಯಲ್ಲಿ ಅದನ್ನೇ ಮಗಳು ಬೇರೆ ರೀತಿಯಲ್ಲಿ ಕೇಳಿದಳು. "ಅವತ್ತು ಹೊಂಡ ಸಿಕ್ಕಿತ್ತಾ ಉಮ್ಮ?"

"ಸಿಕ್ಕಿತ್ತು."

ಹೊರಗೆ ಮೀನಿನ ಸ್ಕೂಟರಿನವನು ಹಾರ್ನ್ ಹೊಡೆಯುತ್ತಾ ಹೋದ. ಬಂಗುಡೆ, ಬಂಗುಡೆ ಎಂದು ಕೂಗಿದ.

"ಮತ್ತೆ ಉಳುಕು ಅಂತ ಯಾಕೆ ಹೇಳಿದ್ರಿ?"

"ಹೆದರಿದೆ ಮಗಾ. ಆಸ್ಪತ್ರೆಗೆ ಹೋಗಿ ಅಂದ್ರೆ ಅಲ್ಲಿ ಕೇಳ್ತಾರೆ, ಯಾರು ಮುಟ್ಟಿದ್ರು, ಯಾರು ಹೇಳಿದ್ರು ಅಂತ. ನಾನು ಗೇಟು ದಾಟಿದ್ದು ಗೊತ್ತಾಗ್ತದೆ. ಸಮದ್‌ನನ್ನು ಆಂಬ್ಯುಲೆನ್ಸಿನಲ್ಲಿ ಹಾಕಿಕೊಂಡು ಹೋಗ್ತಾರೆ. ನಿಮ್ಮ ಮನೆಗೂ ಚೀಟಿ ಅಂಟಿಸ್ತಾರೆ. ಬ್ಯಾರಿ ಹೆಂಗಸು ಬಂದು ರೋಗ ಹಚ್ಚಿ ಹೋದಳು ಅಂತ ಊರೆಲ್ಲ… ನಿನ್ನ ಅಮ್ಮನೂ ಉಳುಕು ಅಂತ್ಲೇ ಹೇಳಿ ಅನ್ನುವ ಹಾಗೆ ನನ್ನ ಬಾಯಿ ನೋಡ್ತಾ ಇದ್ದಳು. ಹೇಳಿಬಿಟ್ಟೆ."

"ಸಮದಣ್ಣನಿಗೆ ಕೊನೆಗೆ ಎಂತ ಆಯ್ತು?"

"ಎಂತ ಆಗ್ಲಿಕ್ಕೆ? ಒಂದು ಸೀನೂ ಬರ್ಲಿಲ್ಲ."

ಸಂಚಿತಾ ಬಾಟಲಿಯ ಲೇಬಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದಳು. ಕೆರೆದರೂ ಏಳದಷ್ಟು ಅಂಟಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಕಂಡಿದ್ದರೆ ಬೀಫಾತಿಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು.

"ಗೇಟಿನ ಚೀಟಿ ತೆಗೀಲಿಕ್ಕೆ ಅವತ್ತಿಗೆ ಎಷ್ಟು ದಿನ ಬಾಕಿ ಇತ್ತು?"

"ಐದು."

"ಹರಿದು ಎರಡು ವಾರದೊಳಗೆ ಹೋದ್ರೆ ತುದಿಗೆ ತುದಿ ಸೇರಿಸಿ ಹೊಲೀತಾರೆ ಉಮ್ಮ. ಡೆರಿಲ್‌ಗೆ ಮಾಡಿದ ಹಾಗೆ. ನಂಗೆ ಜುಲೈಯಲ್ಲಿ ಮಾಡುವಾಗ ಎರಡು ತುದಿಯೂ ದೂರ ಹೋಗಿತ್ತು. ಕಾಲಿನ ಹೆಬ್ಬೆರಳಿನ ನರ ತೆಗೆದು ಸೇರಿಸಿದ್ರು." ಪರೀಕ್ಷೆಗೆ ಓದಿಕೊಂಡ ಪಾಠವನ್ನು ಒಪ್ಪಿಸುವಂತೆ ಅವಳು ಹೇಳಿದಳು. ಆಮೇಲೆ ಕೇಳಿದಳು. "ಐದು ದಿನ ಆಯ್ತು. ಆರನೇ ದಿನ ಯಾಕೆ ಹೇಳ್ಲಿಲ್ಲ?"

ಬೀಫಾತಿಮ್ಮ ಈ ಪ್ರಶ್ನೆಯನ್ನು ಎಷ್ಟೋ ಸಲ ತನಗೆ ತಾನೇ ಕೇಳಿಕೊಂಡಿದ್ದಳು. ನಮಾಜಿಗೆ ಕೂತಾಗ ಕೇಳಿಕೊಂಡಿದ್ದಳು, ಅಕ್ಕಿ ಆರಿಸುವಾಗ ಕೇಳಿಕೊಂಡಿದ್ದಳು. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಅದು ಎಷ್ಟು ಚಿಕ್ಕದೆಂದರೆ ಹೇಳಲು ನಾಚಿಕೆಯಾಗುತ್ತಿತ್ತು.

"ಆರನೇ ದಿನ ಹೇಳಿದ್ರೆ, ಒಂದನೇ ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಿದ್ರಲ್ಲ ಮಗಾ."

ಅಷ್ಟು ಹೇಳಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಕಾಲಿಗೆ ಪೆಟ್ಟಾಗಿ ಹತ್ತನೆಯ ದಿನ ಬಾವು ಇಳಿದಿತ್ತು, ಹುಡುಗಿ ಅಂಗಾಲು ಊರಿ ಅಂಗಳದಲ್ಲಿ ನಡೆದಿದ್ದಳು. ಶಶಿಪ್ರಭಾ ಖುಷಿಯಿಂದ ಈ ಬಾಟಲಿಯನ್ನು ಗೋಡೆಯ ಮೇಲಿಟ್ಟು, "ನಿಮ್ಮ ಕೈಗುಣ ಬೀಫಾತಿಮ್ಮ," ಎಂದಿದ್ದಳು. ಬೇರೆ ಯಾರಾದರೂ ಆಗಿದ್ದರೆ ವಾಪಸು ಕೊಟ್ಟು, ಇನ್ನೂ ಆಗಿಲ್ಲ ಎಂದು ಹೇಳಬಹುದಿತ್ತು. ವಾಪಸು ಕೊಟ್ಟರೆ ಸತ್ಯ ಹೇಳಿದ ಹಾಗೆ. ಇಟ್ಟುಕೊಂಡಳು. ಆದರೆ ಆ ಎಣ್ಣೆಯನ್ನು ಇನ್ನೊಬ್ಬರ ಕಾಲಿಗೆ ಹಚ್ಚಲು ಕೈ ಬರಲಿಲ್ಲ, ಚೆಲ್ಲಲೂ ಬರಲಿಲ್ಲ. ಮೇ ತಿಂಗಳಲ್ಲಿ ಹುಡುಗಿಗೆ ತುದಿಗಾಲಲ್ಲಿ ನಿಲ್ಲಲು ಆಗುತ್ತಿಲ್ಲ ಎಂದು ಮೋಹನದಾಸರು ಆಸ್ಪತ್ರೆಗಳಿಗೆ ಫೋನು ಹಚ್ಚಲು ಶುರುಮಾಡಿದರು. ಎರಡು ತಿಂಗಳ ಹಳೆಯ ಉಳುಕಾ, ಇದು ಅರ್ಜೆಂಟಲ್ಲ, ಆಮೇಲೆ ನೋಡುವಾ ಎಂದು ಎಲ್ಲ ಕಡೆಯಿಂದಲೂ ಉತ್ತರ. ಅವಳು ಕೊಟ್ಟ ಶಬ್ದ ಅಷ್ಟು ದೂರ ಹೋಗಿತ್ತು.

"ಡೆರಿಲ್‌ನನ್ನು ಬೈದು ಕಳಿಸಿದ್ರಿ," ಎಂದಳು ಸಂಚಿತಾ.

"ನಿನ್ನ ದೆಸೆಯಿಂದಲೇ ಅವನನ್ನು ಬೈದದ್ದು. ಆಮೇಲೆ ಬಂದ ಪ್ರತಿಯೊಬ್ಬರ ಹಿಮ್ಮಡಿ ಮುಟ್ಟಿದ್ದೇನೆ ನಾನು. ಕೈ ಉಳುಕಿ ಬಂದವರದ್ದೂ."

ಸಂಚಿತಾ ಬಾಟಲಿಯನ್ನು ಕೆಳಗಿಟ್ಟು ಹಾಳೆಯನ್ನು ಎಳೆದುಕೊಂಡಳು. ಮೊದಲನೆಯ ಪುಟಕ್ಕೆ ತಿರುಗಿಸಿದಳು. ಅಲ್ಲಿ, ಬರುವ ಮೊದಲೇ ಮನೆಯಲ್ಲಿ ಕೂತು ತುಂಬಿಕೊಂಡಿದ್ದ ತನ್ನದೇ ಒಂದು ಸಾಲು ಇತ್ತು. ವಯಸ್ಸು ಹದಿನೇಳು, ಹೆಣ್ಣು, ಮಾರ್ಚ್ ಇಪ್ಪತ್ತೊಂಬತ್ತು. ಗಾಯದ ವಿಧ ಎಂಬಲ್ಲಿ 'ಉಳುಕು ಎಂದು ತಪ್ಪಾಗಿ ತಿಳಿಯಲಾಗಿತ್ತು' ಎಂದು ಬರೆದಿತ್ತು. ಇಷ್ಟು ವರ್ಷವೂ ಆ ಮನೆಯವರೆಲ್ಲ ಹಾಗೆಯೇ ನಂಬಿದ್ದರು. ಪಾಪ, ಬೀಫಾತಿಮ್ಮನಿಗೆ ಹೇಗೆ ಗೊತ್ತಾಗಬೇಕು, ಅವಳೇನು ಡಾಕ್ಟರಾ ಎಂದು ಶಶಿಪ್ರಭಾ ನೂರು ಸಲ ಹೇಳಿದ್ದಳು. ಸಂಚಿತಾ ಆ ಸಾಲಿನ ಮೇಲೆ ಒಂದು ಗೆರೆ ಎಳೆದಳು. ಆಮೇಲೆ ಚೀಲದಿಂದ ಅಳತೆಯ ಟೇಪನ್ನು ತೆಗೆದು, ಚಪ್ಪಲಿ ಬಿಚ್ಚಿ, ಬಲಗಾಲನ್ನು ಬೀಫಾತಿಮ್ಮನ ಮುಂದೆ ಚಾಚಿದಳು.

"ಎಲ್ಲಿ ಸಿಕ್ಕಿತ್ತು, ಮುಟ್ಟಿ ತೋರಿಸಿ."

ಬೀಫಾತಿಮ್ಮ ಕಣ್ಣೊರೆಸಿಕೊಂಡು, ನಲವತ್ತು ವರ್ಷದ ಅಭ್ಯಾಸದಂತೆ, ಕಂಬದ ಬುಡದಲ್ಲಿದ್ದ ಎಣ್ಣೆಯ ಬಟ್ಟಲಿಗೆ ಕೈಹಾಕಲು ಹೋದಳು.

"ಎಣ್ಣೆ ಬೇಡ."

ಒಣಕೈಯಲ್ಲಿ ಅವಳು ಯಾರ ಕಾಲನ್ನೂ ಮುಟ್ಟಿದವಳಲ್ಲ. ಮೀನಖಂಡ ಈಗ ಸೊರಗಿತ್ತು, ಇನ್ನೊಂದು ಕಾಲಿನ ಅರ್ಧದಷ್ಟೂ ತುಂಬಿಕೊಂಡಿರಲಿಲ್ಲ. ಹೆಬ್ಬೆರಳು ತಡೆ ತಡೆದು ಕೆಳಗೆ ಬಂತು. ಆಪರೇಶನ್ನಿನ ಗಾಯದ ಗುರುತು ದಪ್ಪವಾಗಿ, ಗಂಟುಗಂಟಾಗಿ ಸಿಕ್ಕಿತು. ಹೊಂಡ ಇರಲಿಲ್ಲ. ಆದರೂ ಬೆರಳು ತನ್ನ ಜಾಗಕ್ಕೆ ಬಂದು ತಾನಾಗಿ ನಿಂತಿತು.

"ಇಲ್ಲಿ."

"ತೆಗೀಬೇಡಿ, ಹಾಗೇ ಹಿಡ್ಕೊಳ್ಳಿ." ಸಂಚಿತಾ ಬಗ್ಗಿ, ಹಿಮ್ಮಡಿಯ ಎಲುಬಿನಿಂದ ಬೀಫಾತಿಮ್ಮನ ಉಗುರಿನವರೆಗೆ ಟೇಪನ್ನು ಎಳೆದಳು. "ನಾಲ್ಕೂವರೆ ಸೆಂಟಿಮೀಟರ್," ಎಂದು ತನಗೆ ತಾನೇ ಹೇಳಿಕೊಂಡು ಬರೆದಳು. ಗೆರೆ ಎಳೆದಿದ್ದ ಜಾಗದ ಪಕ್ಕದಲ್ಲಿ ಟೆಂಡನ್ ಪೂರ್ತಿ ಹರಿದಿತ್ತು ಎಂದು ಬರೆದು, ಪತ್ತೆಯಾದ ದಿನ ಎಂಬ ಕಾಲಮ್ಮಿನಲ್ಲಿ ಜುಲೈ ತಿಂಗಳ ತಾರೀಕನ್ನು ಹೊಡೆದುಹಾಕಿ, ಮಾರ್ಚ್ ಇಪ್ಪತ್ತೊಂಬತ್ತು ಎಂದು ತಿದ್ದಿದಳು.

"ರಿಜಿಸ್ಟರಿನಲ್ಲಿ ಒಂದು ಇತ್ತು. ಈಗ ಎರಡಾಯ್ತು," ಎಂದಳು.

ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿದಳು. ಬಾಟಲಿಯನ್ನೂ ತೆಗೆದುಕೊಂಡಳು. ಉಳಿದ ಹತ್ತೊಂಬತ್ತು ಜಗಲಿಯ ಅಂಚಿನಲ್ಲಿ ಬಿಸಿಲು ಕಾಯುತ್ತಾ ನಿಂತಿದ್ದವು. ಕುಕ್ಕರ್ ಇಳಿಸಿ ಹೊರಗೆ ಬಂದ ರಮ್ಲಾ, "ಹೊರಟಿದ್ದಾ? ಊಟಕ್ಕೆ ಕೂರು ಮಾರಾಯ್ತಿ, ಉಮ್ಮ ಅಂತ ಬಂದವಳು," ಎಂದಳು. ಇನ್ನೊಮ್ಮೆ ಆಗಲಿ ಅಕ್ಕ ಎಂದು ಸಂಚಿತಾ ಮೆಟ್ಟಿಲು ಇಳಿದಳು. ಎದುರಿನ ಗೇಟಿಗೆ ಹೋಗದೆ, ಮನೆಯ ಬದಿಯಿಂದ ಹಿಂದಿನ ಸಣ್ಣ ಗೇಟಿನ ಕಡೆ ತಿರುಗಿದಳು. ಮೂಲೆಯಲ್ಲಿ ಒಮ್ಮೆ ನಿಂತಳು.

"ಪೋಪೆ ಉಮ್ಮ," ಎಂದಳು.

ಬೀಫಾತಿಮ್ಮ ಬಾಯಿ ತೆರೆದಳು. ಹಾಗೆ ಅನ್ನಬಾರದು ಮಗಾ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ಕೈಹಿಡಿದು ವಾಪಸು ಕೂರಿಸಿ ಮೂರು ಸಲ ಹೇಳಿಸುವ ಹಕ್ಕು ಈಗ ಯಾರದ್ದು? ಅವಳು ಬರೀ ತಲೆಯಾಡಿಸಿದಳು.

ಹೆಜ್ಜೆಗಳು ಹಿತ್ತಲಿನ ಕಡೆ ಹೋದವು. ಒಂದು ಗಟ್ಟಿ, ಒಂದು ಮೆತ್ತಗೆ. ಬಾವಿಕಟ್ಟೆಯ ಬಳಿ, ತೆಂಗಿನ ಬುಡದ ಬಳಿ, ಗೇಟಿನ ಬಳಿ. ಅಡುಗೆಮನೆಯಲ್ಲಿ ತೊಳೆಯದ ಪಾತ್ರೆ ರಾಶಿ ಬಿದ್ದಿತ್ತು. ಬೀಫಾತಿಮ್ಮ ಏಳಲಿಲ್ಲ. ಒಣ ಹೆಬ್ಬೆರಳನ್ನು ಮಡಿಲಲ್ಲಿಟ್ಟುಕೊಂಡು ಆ ಸದ್ದನ್ನು ಕೊನೆಯವರೆಗೂ ಕೇಳಿದಳು.